ದೊಡ್ಡ ಸ್ಕ್ರೀನ್ ತರಿಸಲೋ, ಮೊದಲು ಕಣ್ಣು ತೋರಿಸಲೋ?

ಓದುಗರೊಬ್ಬರ ಸಮಸ್ಯೆ

ನನಗೆ 43 ವರ್ಷ. ಹಾಸನದಲ್ಲಿದ್ದೇನೆ. ನಾಲ್ಕು ವರ್ಷದ ಹಿಂದೆ ಅಮೆರಿಕದಲ್ಲಿರುವ ತಮ್ಮ ನಿಂಟೆಂಡೊ ಸ್ವಿಚ್ ಲೈಟ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಸೆಟ್ ತಂದುಕೊಟ್ಟ. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಮುಕ್ಕಾಲು ಗಂಟೆ ಆಡುತ್ತೇನೆ. ದಿನದಲ್ಲಿ ನನಗೆ ಅಂತ ಸಿಗುವ ಹೊತ್ತು ಅದೊಂದೇ. ಈಚೆಗೆ ಅದರಲ್ಲಿ ಬರುವ ಸಣ್ಣ ಅಕ್ಷರ ಓದಲು ಕಷ್ಟವಾಗುತ್ತಿದೆ. ತಲೆನೋವೂ ಬರುತ್ತದೆ. ಡಿಸೆಂಬರಿನಲ್ಲಿ ತಮ್ಮ ಬರುತ್ತಿದ್ದಾನೆ. ದೊಡ್ಡ ಸ್ಕ್ರೀನಿನ ಸ್ವಿಚ್ ಒಎಲ್‌ಇಡಿ ತರಲಾ, ಸ್ವಿಚ್ 2 ತರಲಾ ಎಂದು ಕೇಳುತ್ತಿದ್ದಾನೆ. ಇರುವುದೇ ಚೆನ್ನಾಗಿದೆಯಲ್ಲ, ಸುಮ್ನೆ ಯಾಕೆ ದುಡ್ಡು ದಂಡ ಅನ್ನುತ್ತಾರೆ ಮನೆಯವರು. ಏನು ಮಾಡಲಿ?

ಓದುಗರ ಸ್ಪಂದನ

ಅಕ್ಕಾ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತಿದ್ದು 43 ಅನ್ನುವ ಕಡೆ. ನಲವತ್ತು ದಾಟುವ ಹೊತ್ತಿಗೆ ಕಣ್ಣಿನೊಳಗಿನ ಮಸೂರ ಬಿಗಿಯಾಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಅದು ಸ್ವಲ್ಪ ಉಬ್ಬಬೇಕು. ಮೊದಲಿನಷ್ಟು ಸಲೀಸಾಗಿ ಉಬ್ಬುವುದಿಲ್ಲ. ಚಾಳೀಸು ಅನ್ನುವುದು ಇದಕ್ಕೇ. ಸೂಜಿಗೆ ದಾರ ಪೋಣಿಸುವಾಗ, ಮಾತ್ರೆ ಹಾಳೆಯ ಮೇಲಿನ ತಾರೀಖು ಓದುವಾಗ ನಿಮ್ಮ ಕೈ ತಾನಾಗಿ ದೂರ ಹೋಗುತ್ತಿದೆಯಾ? ಹಾಗಿದ್ದರೆ ಎಷ್ಟು ದುಡ್ಡು ಕೊಟ್ಟು ಯಾವ ಸೆಟ್ ತಂದರೂ ಕನ್ನಡಕ ಬೇಕೇ ಬೇಕು.

ಹಾಗಂತ ದೊಡ್ಡ ಸ್ಕ್ರೀನ್ ದಂಡ ಅಂತ ನಾನು ಹೇಳುವುದಿಲ್ಲ. ಲೈಟ್‌ನದು 5.5 ಇಂಚು, ಒಎಲ್‌ಇಡಿಯದು 7 ಇಂಚು. ಎರಡರಲ್ಲೂ ಚಿತ್ರ ಮೂಡಿಸುವ ಚುಕ್ಕಿಗಳ (ಪಿಕ್ಸೆಲ್) ಲೆಕ್ಕ ಒಂದೇ, ಅಡ್ಡಕ್ಕೆ 1280, ಮೇಲಿಂದ ಕೆಳಕ್ಕೆ 720. ಅಂದರೆ ಅದೇ ಚಿತ್ರ ಹಿಗ್ಗಿ ಕಾಣುತ್ತದೆ. ಅಕ್ಷರದ ಎತ್ತರ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಬೆಳೆಯುತ್ತದೆ. ಈಗ ನೀವು 30 ಸೆಂ.ಮೀ. ದೂರದಲ್ಲಿ ಹಿಡಿದು ಓದುವ ಅಕ್ಷರ, ಒಎಲ್‌ಇಡಿಯಲ್ಲಿ 38 ಸೆಂ.ಮೀ. ದೂರ ಹಿಡಿದರೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಸ್ವಿಚ್ 2ರ ಸ್ಕ್ರೀನ್ 7.9 ಇಂಚು. ಅದನ್ನು 43 ಸೆಂ.ಮೀ. ದೂರ ಇಟ್ಟುಕೊಳ್ಳಬಹುದು. ಚಾಳೀಸಿನ ಕಣ್ಣಿಗೆ ಈ ಎಂಟು ಹತ್ತು ಸೆಂ.ಮೀ. ಎಷ್ಟು ಆರಾಮ ಕೊಡುತ್ತದೆ ಅನ್ನುವುದನ್ನು ನಾನು ದಿನಾ ನೋಡುತ್ತೇನೆ.

ಮೊದಲು ಕಣ್ಣು ತೋರಿಸಿ. ಕನ್ನಡಕ ಬಂದ ಮೇಲೆ ಹದಿನೈದು ದಿನ ಲೈಟ್‌ನಲ್ಲೇ ಆಡಿ. ಆಮೇಲೂ ತಲೆನೋವು ನಿಲ್ಲದಿದ್ದರೆ ಸ್ಕ್ರೀನಿನ ಯೋಚನೆ ಪಕ್ಕಕ್ಕಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

— ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು, ದಾವಣಗೆರೆ

ಆಂಟಿ, ಡಿಸೆಂಬರ್ ತನಕ ಕಾಯಬೇಕಾಗಿಲ್ಲ. ನಿಮ್ಮ ಲೈಟ್‌ನಲ್ಲೇ ಜೂಮ್ ಇದೆ. 2019ರ ಅಪ್‌ಡೇಟ್‌ನಲ್ಲಿ ಬಂದಿದ್ದು, ತುಂಬಾ ಜನ ಅದನ್ನು ಗಮನಿಸಿಯೇ ಇರುವುದಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಸಿಸ್ಟಮ್ ಅನ್ನುವುದರ ಒಳಗೆ ಜೂಮ್ ಇರುತ್ತದೆ, ಅದನ್ನು ಆನ್ ಮಾಡಿ. ಆಮೇಲೆ ಹೋಮ್ ಬಟನ್ ಬೇಗ ಬೇಗ ಎರಡು ಸಲ ಒತ್ತಿದರೆ ಚಿತ್ರ ದೊಡ್ಡದಾಗುತ್ತದೆ. ಓಡುವ, ನೆಗೆಯುವ ಆಟದ ನಡುವೆ ಇದು ಉಪಯೋಗಕ್ಕೆ ಬರುವುದಿಲ್ಲ. ಮಾತುಕತೆ, ಸಾಮಾನಿನ ಪಟ್ಟಿ, ನಕ್ಷೆ ಓದಲು ಸಾಕು. ಇವತ್ತು ರಾತ್ರಿಯೇ ಮಾಡಿ ನೋಡಿ.

— ಕಾಲೇಜು ವಿದ್ಯಾರ್ಥಿ, ಉಡುಪಿ

ನಿಮ್ಮ ಪತ್ರ ಓದಿ ಅಪ್ಪ ನೆನಪಾದರು. ಸಾಗರದಲ್ಲಿ ಮೇಷ್ಟ್ರಾಗಿದ್ದವರು. ನಿವೃತ್ತಿ ಆದ ಮೇಲೆ ನನ್ನ ಮಗುವಿನ ಬಾಣಂತನಕ್ಕೆ ಅಮ್ಮನ ಜೊತೆ ಇಲ್ಲಿಗೆ, ಇಂಗ್ಲೆಂಡಿಗೆ ಬಂದಿದ್ದರು. ಹೊರಗೆ ಚಳಿ, ಮಾತಿಗೆ ಯಾರೂ ಇಲ್ಲ. ನನ್ನ ಹತ್ತಿರ ಆಗಿನ ಕಾಲದ ಗೇಮ್ ಸೆಟ್ ನಿಂಟೆಂಡೊ ಡಿಎಸ್‌ಐ ಇತ್ತು. ಒಂದು ದಿನ ಅದರಲ್ಲಿ ಸುಡೊಕು ತೋರಿಸಿಕೊಟ್ಟೆ. ಅಪ್ಪನಿಗೆ ಹಿಡಿಸಿಬಿಟ್ಟಿತು. ಆದರೆ ಸ್ಕ್ರೀನ್ 3.25 ಇಂಚು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡು ಒದ್ದಾಡುತ್ತಿದ್ದರು.

2010ರ ಮಾರ್ಚ್‌ನಲ್ಲಿ ಇಲ್ಲಿ ಡಿಎಸ್‌ಐ ಎಕ್ಸ್‌ಎಲ್ ಬಂತು. ಸ್ಕ್ರೀನ್ 4.2 ಇಂಚು. ಅಂಗಡಿಯಲ್ಲಿ ನಾನೂ ನಿಮ್ಮ ಹಾಗೆಯೇ ತುಂಬಾ ಹೊತ್ತು ಯೋಚಿಸಿದ್ದೆ. ಆಟಗಳು ಅವೇ. ಚುಕ್ಕಿಗಳೂ ಅಷ್ಟೇ, 256 ಮತ್ತು 192. 214 ಗ್ರಾಂ ಇದ್ದದ್ದು 314 ಗ್ರಾಂ ಆಗಿದೆ. ಇದಕ್ಕೆ ಮತ್ತೆ ದುಡ್ಡು ಕೊಡಬೇಕಾ ಅನ್ನಿಸಿತು. ಕೊಂಡೆ.

ಅಪ್ಪನ ಕೈಯಲ್ಲಿ ಅದು ಬೇರೆಯೇ ಆಗಿತ್ತು. ಜೊತೆಗೆ ಸ್ಕ್ರೀನ್ ಮೇಲೆ ಬರೆಯಲು ಪೆನ್ನಿನಷ್ಟು ದಪ್ಪದ ಕಡ್ಡಿ ಕೊಟ್ಟಿದ್ದರು. ಮೊದಲಿನದು ತೀರಾ ಸಣ್ಣದು, ಅವರ ಬೆರಳಿಗೆ ಸಿಗುತ್ತಿರಲಿಲ್ಲ. ಇದನ್ನು ಸೀಮೆಸುಣ್ಣದ ಹಾಗೆ ಹಿಡಿದು ಅಂಕಿ ಬರೆಯುತ್ತಿದ್ದರು. ಇನ್ನೊಂದು ಬದಲಾವಣೆಯನ್ನು ನಾನು ಎಣಿಸಿಯೇ ಇರಲಿಲ್ಲ. ಎಕ್ಸ್‌ಎಲ್ ಸ್ಕ್ರೀನ್ ಪಕ್ಕದಿಂದ ನೋಡಿದರೂ ಚೆನ್ನಾಗಿ ಕಾಣುತ್ತಿತ್ತು. ಅಮ್ಮ ಅವರ ಪಕ್ಕ ಕೂರಲು ಶುರು ಮಾಡಿದರು. "ಅಲ್ಲಿ ಏಳು ಬರಲ್ಲ ಕಣ್ರೀ, ಮೇಲಿದೆ ನೋಡಿ" ಅನ್ನುತ್ತಿದ್ದರು. ಒಬ್ಬರ ಆಟ ಇಬ್ಬರದಾಯಿತು. ಊರಿಗೆ ವಾಪಸ್ ಹೋದಮೇಲೂ ಸಂಜೆ ಕಾಫಿ ಆದ ಕೂಡಲೇ ಜಗಲಿಯಲ್ಲಿ ಅದನ್ನು ತೆಗೆದು ಕೂರುತ್ತಿದ್ದರಂತೆ. ಬಸ್ಸಿಗೆ, ಪ್ರಯಾಣಕ್ಕೆ ಅದನ್ನು ಅವರು ಒಯ್ದದ್ದೇ ಇಲ್ಲ.

ನಿಮ್ಮ ಮನೆಯವರನ್ನೂ ಒಂದು ರಾತ್ರಿ ಪಕ್ಕ ಕೂರಿಸಿಕೊಳ್ಳಿ. 5.5 ಇಂಚಿನಲ್ಲಿ ಇಬ್ಬರು ನೋಡುವುದು ಕಷ್ಟ. ಅವರಿಗೂ ಇಷ್ಟವಾದರೆ ದುಡ್ಡಿನ ಮಾತು ತಾನೇ ಬದಲಾಗಬಹುದು.

— ನರ್ಸ್, ಲೀಡ್ಸ್, ಇಂಗ್ಲೆಂಡ್

ಯಾರೂ ತೂಕದ ಮಾತು ಎತ್ತುವುದಿಲ್ಲ ಅಂತ ಬರೆಯುತ್ತಿದ್ದೇನೆ. ಲೈಟ್ 275 ಗ್ರಾಂ. ಒಎಲ್‌ಇಡಿ ಸುಮಾರು 420. ಸ್ವಿಚ್ 2 ಸುಮಾರು 534, ಅಂದರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್‌ಗಿಂತ ತುಸು ಜಾಸ್ತಿಯೇ. ನಾನು ಹೊಲಿಗೆ ಕೆಲಸದವಳು. ಸಂಜೆ ಹೊತ್ತಿಗೆ ಮಣಿಕಟ್ಟು ಸೋತಿರುತ್ತದೆ. ಸ್ವಿಚ್ 2 ಬಂದ ಹೊಸತರಲ್ಲಿ ಮಲಗಿಕೊಂಡು ಆಡಿ ಮೂರು ದಿನ ಕೈ ಎತ್ತಲು ಆಗಲಿಲ್ಲ. ಈಗ ತೊಡೆ ಮೇಲೆ ದಿಂಬು ಇಟ್ಟು ಅದರ ಮೇಲೆ ಇಟ್ಟುಕೊಳ್ಳುತ್ತೇನೆ. ನೋವಿಲ್ಲ. ನೀವು ಮಲಗಿ ಆಡುವವರಾದರೆ ಹಾಲಿನ ಪ್ಯಾಕೆಟ್ ಒಂದನ್ನು ಹತ್ತು ನಿಮಿಷ ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿ, ಆಮೇಲೆ ತಮ್ಮನಿಗೆ ಹೇಳಿ.

— ಟೈಲರ್, ಬೆಳಗಾವಿ

ಮೇಡಂ, ಮೇಲಿನವರೆಲ್ಲ ಇಂಚು, ಗ್ರಾಂ ಹೇಳಿದ್ದಾರೆ. ನನ್ನ ಪ್ರಕಾರ ಲೈಟ್‌ಗೂ ಉಳಿದ ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಬೇರೆ. ಲೈಟ್‌ನ ಬಟನ್‌ಗಳು ಸ್ಕ್ರೀನಿಗೇ ಅಂಟಿಕೊಂಡಿವೆ. ಅದನ್ನು ಟಿವಿಗೆ ಜೋಡಿಸುವಂತಿಲ್ಲ. ಒಎಲ್‌ಇಡಿ, ಸ್ವಿಚ್ 2 ಎರಡರಲ್ಲೂ ಪಕ್ಕದ ಕಂಟ್ರೋಲರ್ ಬಿಚ್ಚಬಹುದು. ಹಿಂದೆ ಅಗಲವಾದ ಸ್ಟ್ಯಾಂಡ್ ಇದೆ. ಮೇಜಿನ ಮೇಲೆ ನಿಲ್ಲಿಸಿ, ಕಂಟ್ರೋಲರ್ ಮಾತ್ರ ಕೈಯಲ್ಲಿ ಹಿಡಿದು ಆಡಬಹುದು. ಕಣ್ಣಿಗೆ ದೂರ, ಕೈಗೆ ಹಗುರ. ಜೊತೆಗೆ ಬರುವ ಡಾಕ್‌ನಲ್ಲಿ ಕೂರಿಸಿದರೆ ಟಿವಿಯಲ್ಲೇ ಆಟ. ನಿಮ್ಮ ಟಿವಿಯ ಮುಂದೆ ಏಳೇನು, ಎಂಟು ಇಂಚೇನು? ಹಾಗಾಗಿ ಬದಲಾಯಿಸುವುದಕ್ಕೆ ನನ್ನ ಓಟು.

ಎರಡರಲ್ಲಿ ಒಎಲ್‌ಇಡಿ ಸಾಕು. ಬಿಡುಗಡೆಯಾದಾಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 350 ಡಾಲರ್ ಇತ್ತು, ಸ್ವಿಚ್ 2ರದು 450 ಡಾಲರ್. ಈಗಿನ ದರ ತಮ್ಮ ನೋಡಿ ಹೇಳಲಿ. ಒಂದು ಸಲ ಚಾರ್ಜ್ ಮಾಡಿದರೆ ಒಎಲ್‌ಇಡಿ ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರುತ್ತದೆ, ಸ್ವಿಚ್ 2 ಎರಡರಿಂದ ಆರೂವರೆ ಗಂಟೆ. ಸ್ವಿಚ್ 2ಕ್ಕೆ ಅಂತಲೇ ಬಂದ ಹೊಸ ಆಟ ಆಡುವ ಆಸೆ ಇದ್ದರೆ ಮಾತ್ರ ಅದರ ಕಡೆ ಹೋಗಿ. ತಮ್ಮ ಜಪಾನ್ ಮೇಲೆ ಬರುವವನಾದರೆ ಅಲ್ಲಿ ಅಗ್ಗಕ್ಕೆ ಸಿಗುವ ಸ್ವಿಚ್ 2 ಬೇಡ ಅಂತ ಈಗಲೇ ಹೇಳಿಬಿಡಿ. ಅದರಲ್ಲಿ ಜಪಾನಿ ಭಾಷೆ ಒಂದೇ ಇರುವುದು.

ಇನ್ನೊಂದು ಮಾತು. ಹೊಸದು ಬರುತ್ತದೆ ಅಂತ ಲೈಟ್ ಅನ್ನು ಮೊದಲೇ ಯಾರಿಗೂ ಕೊಟ್ಟುಬಿಡಬೇಡಿ. ನಾಲ್ಕು ವರ್ಷ ಆಡಿ ಉಳಿಸಿದ್ದೆಲ್ಲ ಅದರೊಳಗೇ ಇದೆ. ಒಎಲ್‌ಇಡಿಗೆ ಸಾಗಿಸುವಾಗ ಎರಡೂ ಸೆಟ್ ಪಕ್ಕಪಕ್ಕ ಇರಬೇಕು, ಎರಡಕ್ಕೂ ವೈಫೈ ಬೇಕು. ಕೆಲವು ಆಟಗಳಿಗೆ ಬೇರೆಯದೇ ವಿಧಾನ ಇರುತ್ತದೆ. ತಮ್ಮ ವಾಪಸ್ ಹೊರಡುವ ಮೊದಲು ಅವನನ್ನೇ ಕೂರಿಸಿಕೊಂಡು ಮಾಡಿಸಿ.

— ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು