ಪದಚರ್ಚೆ: ‘ಶಿಲಾವೃತ್ತ’ ಅಂದರೆ ಯಾವ ಕಲ್ಲು? ನಿಲಿಸುಗಲ್ಲು, ಸುತ್ತುಗಲ್ಲು ಮತ್ತು ನಕ್ಷತ್ರಗಳ ಮಾತು

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಬಹಳ ಹಿಂದಿನವರು ನಿಲ್ಲಿಸಿದ ದೊಡ್ಡ ಕಲ್ಲುಗಳು, ಅವಕ್ಕೂ ಆಕಾಶಕ್ಕೂ ಇರುವ ನಂಟು, ಇದು ವಿಷಯ. ಬರೆಯಲು ಕೂತರೆ ಮೊದಲ ಪ್ಯಾರಾದಲ್ಲೇ ಪದ ಕೈಕೊಡುತ್ತಿದೆ. ಪತ್ರಿಕೆ, ಯೂಟ್ಯೂಬು, ಎಲ್ಲಿ ನೋಡಿದರೂ ‘ಶಿಲಾವೃತ್ತ’. ಇಂಗ್ಲೆಂಡಿನಲ್ಲಿ ದೊಡ್ಡ ಕಲ್ಲುಗಳನ್ನು ದುಂಡಗೆ ನಿಲ್ಲಿಸಿರುವ ಸ್ಟೋನ್‌ಹೆಂಜ್‌ ಶಿಲಾವೃತ್ತ, ಬ್ರಹ್ಮಗಿರಿಯ ಗೋರಿ ಶಿಲಾವೃತ್ತ, ಹೊಸನಗರದ ಕಡೆಯ ನಿಲಸ್ಕಲ್ಲಿನ ಕಲ್ಲುಗಳನ್ನೂ ಶಿಲಾವೃತ್ತ ಅಂತಲೇ ಬರೆಯುವವರಿದ್ದಾರೆ. ಈ ಮೂರೂ ಬೇರೆ ಬೇರೆ. ಒಂದೇ ಹೆಸರು ಇಟ್ಟಿದ್ದರಿಂದ ಒಂದರ ಗುಣ ಇನ್ನೊಂದಕ್ಕೆ ಅಂಟಿಕೊಂಡು, ಕೊನೆಗೆ ಎಲ್ಲವೂ ‘ನಕ್ಷತ್ರ ನೋಡಲು ಕಟ್ಟಿದ ವೀಕ್ಷಣಾಲಯ’ ಆಗಿಬಿಟ್ಟಿವೆ. ಇದನ್ನು ಬಿಡಿಸಿ ಹೇಳುವ ಪದಗಳು ನಮಗೆ ಬೇಕು. ಕೆಲವು ಆಗಲೇ ಇವೆ, ಕೆಲವನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ವೃತ್ತದ ವಿಚಾರ. ನಮ್ಮ ಕಡೆ ನಿಜಕ್ಕೂ ದುಂಡಗೆ ಇರುವುದು ಗೋರಿಯ ಸುತ್ತ ಇಟ್ಟ ಕಲ್ಲು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಸಿಕ್ಕಿದ್ದನ್ನೇ ನೋಡಿ. ನೆಲದ ಮೇಲೆ ಗುಂಡುಕಲ್ಲುಗಳ ಒಂದು ಸುತ್ತು. ಅದರ ನಡುವೆ, ನೆಲದಡಿ, ನಾಲ್ಕು ಚಪ್ಪಡಿ ನಿಲ್ಲಿಸಿ ಮಾಡಿದ ಪೆಟ್ಟಿಗೆಯಂಥ ಕೋಣೆ. ಒಂದೊಂದು ಚಪ್ಪಡಿಯ ತುದಿಯೂ ಪಕ್ಕದ್ದನ್ನು ದಾಟಿ ಆಚೆ ಚಾಚಿಕೊಂಡಿರುತ್ತದೆ, ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಒತ್ತಿದಷ್ಟೂ ಕಲ್ಲುಗಳು ಒಂದಕ್ಕೊಂದು ಬಿಗಿಯಾಗುತ್ತವೆ, ಒಳಕ್ಕೆ ಬೀಳುವುದಿಲ್ಲ. ಎಂಥ ಕೈಚಳಕ! ಪೂರ್ವದ ಚಪ್ಪಡಿಯಲ್ಲಿ ದುಂಡಗೆ ಕೊರೆದ ಒಂದು ಕಿಂಡಿ. ಒಳಗೆ ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು.

ಇಲ್ಲಿ ದುಂಡು ಇರುವುದು ಗೋರಿಗೆ ಗಡಿಯಾಗಿ. ಕಿಂಡಿ ಪೂರ್ವಕ್ಕಿದೆ ಅಂದರೆ ದಿಕ್ಕಿನ ಮೇಲೆ ಅವರಿಗೆ ಗಮನ ಇತ್ತು ಅನ್ನಬಹುದು. ಅದಕ್ಕಿಂತ ಜಾಸ್ತಿ ಹೇಳಲು ಆ ಕಲ್ಲುಗಳ ಸುತ್ತು ಏನೂ ಆಧಾರ ಕೊಡುವುದಿಲ್ಲ. ಹಾಗಾಗಿ ಇದಕ್ಕೆ ‘ಸುತ್ತುಗಲ್ಲು’ ಅಥವಾ ‘ಸುತ್ತುಗಲ್ಲಿನ ಗೋರಿ’ ಸಾಕು ಅಂತ ನನ್ನ ಅಭಿಪ್ರಾಯ. ಗೋರಿಯ ಮೇಲೆ ಕಲ್ಲು ರಾಶಿ ಹಾಕಿದ್ದರೆ ‘ಕಲ್ಗುಪ್ಪೆ’ ಅಂತ ಆಗಲೇ ಬಳಕೆಯಲ್ಲಿದೆ. ನೆಲದ ಮೇಲೆ ಚಪ್ಪಡಿ ನಿಲ್ಲಿಸಿ, ಮೇಲೆ ಇನ್ನೊಂದು ಚಪ್ಪಡಿ ಹೊದಿಸಿದ್ದರೆ ‘ಕಲ್ಮನೆ’. ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟದ ಮೇಲೆ ಅಂಥವು ಸಾಲಾಗಿ ನಿಂತಿವೆ, ಸುತ್ತಲಿನ ಜನ ಅದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಕೊಡಗಿನಲ್ಲಿ ಇಂಥದ್ದಕ್ಕೆ ‘ಪಾಂಡವ ಪಾರೆ’. ನಮ್ಮ ಜನ ಇವನ್ನು ಕಂಡಾಗ ಮನೆ ಅಂದರು, ಪಾಂಡವರನ್ನು ನೆನೆದರು. ಯಾರೂ ವೃತ್ತ ಅನ್ನಲಿಲ್ಲ.

ಈಗ ನಿಲಸ್ಕಲ್. ನನಗೆ ತುಂಬಾ ಇಷ್ಟವಾದ ಹೆಸರು ಇದು. ಶಿವಮೊಗ್ಗ ಜಿಲ್ಲೆಯ ಹೊಸನಗರ ಸೀಮೆಯಲ್ಲಿ ನಿಲಸ್ಕಲ್, ಬೈಸೆ, ಹೆರಗಲ್, ಮುಂಬಾರು, ಆರಗ ಗೇಟ್ ಹೀಗೆ ಕೆಲವು ಜಾಗಗಳಲ್ಲಿ ಎತ್ತರದ ಚಪ್ಪಡಿಗಳನ್ನು ನೆಟ್ಟಿದ್ದಾರೆ. ‘ನಿಲಿಸಿದ ಕಲ್ಲು’ ಎಂಬುದೇ ಸವೆದು ನಿಲಸ್ಕಲ್ ಆಗಿದೆ. ಊರಿನ ಹೆಸರೇ ಆ ಕಲ್ಲುಗಳ ವಿವರಣೆ! ಅಲ್ಲಿ ವೃತ್ತವೇ ಇಲ್ಲ. ಕಲ್ಲುಗಳು ಅಲ್ಲೊಂದು ಇಲ್ಲೊಂದು ಚೆಲ್ಲಿದಂತೆ ಕಾಣುತ್ತವೆ. ಆದರೆ ಒಂದು ಕಲ್ಲಿನ ಹತ್ತಿರ ನಿಂತು ನೋಡಿ. ಪೂರ್ವದಿಂದ ಅಥವಾ ಪಶ್ಚಿಮದಿಂದ ನೋಡಿದರೆ ಅಗಲವಾದ ಮುಖ. ಸುತ್ತಿ ಬಂದು ದಕ್ಷಿಣದಲ್ಲಿ ನಿಂತರೆ ಅದೇ ಕಲ್ಲು ಸಣ್ಣಗೆ, ಬರೀ ಅಂಚು. ಅಂದರೆ ಚಪ್ಪಡಿಯ ಉದ್ದ ಉತ್ತರ-ದಕ್ಷಿಣಕ್ಕೆ ಬರುವ ಹಾಗೆ ನಿಲ್ಲಿಸಿದ್ದಾರೆ. ಪಕ್ಕದ ಕಲ್ಲು ನೋಡಿದರೆ ಅದೂ ಹಾಗೆಯೇ.

ಸಂಶೋಧಕರಾದ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಜೊತೆಗಾರರು ಇವನ್ನು ಅಳೆದು 2012ರ ಹೊತ್ತಿಗೆ ಪ್ರಕಟಿಸಿದರು. ಒಂದು ಕಲ್ಲಿನ ಬಳಿ ನಿಂತು ದೂರದ ಇನ್ನೊಂದರ ಕಡೆ ನೋಡಿದರೆ, ಜೂನ್ 21ರ ಆಸುಪಾಸಿನಲ್ಲಿ ಇಲ್ಲವೇ ಡಿಸೆಂಬರ್ 21ರ ಆಸುಪಾಸಿನಲ್ಲಿ ಸೂರ್ಯ ಹುಟ್ಟುವ ಅಥವಾ ಮುಳುಗುವ ಜಾಗಕ್ಕೆ ನೇರ ಬರುವ ಜೋಡಿಗಳು ಅಲ್ಲಿವೆ. ಇದು ಸೂರ್ಯನ ಮಾತು, ನಕ್ಷತ್ರದ್ದಲ್ಲ. ಈ ವ್ಯತ್ಯಾಸವನ್ನು ನಮ್ಮ ಬರಹಗಳು ಸುಮ್ನೆ ಹಾರಿಸಿಬಿಡುತ್ತವೆ. ‘ಖಗೋಳ’ ಅಂದ ಕೂಡಲೇ ‘ನಕ್ಷತ್ರ’ ಅಂತ ಬರೆದು ಮುಂದೆ ಹೋಗುವುದು ಅಭ್ಯಾಸ ಆಗಿದೆ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಸೂರ್ಯ ವರ್ಷದಲ್ಲಿ ಎಷ್ಟು ಉತ್ತರಕ್ಕೆ, ಎಷ್ಟು ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ ಅನ್ನುವುದು ಸಾವಿರಾರು ವರ್ಷಗಳಲ್ಲೂ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. 3000 ವರ್ಷದಲ್ಲಿ ಅರ್ಧ ಡಿಗ್ರಿಯಷ್ಟೂ ಬದಲಾಗುವುದಿಲ್ಲ. ಮಲೆನಾಡಿನ ಈ ಜಾಗದಲ್ಲಿ ಅದು ನೇರ ಪೂರ್ವದಿಂದ ಆಚೆ ಈಚೆ ಸುಮಾರು 24 ಡಿಗ್ರಿ. ಸ್ಟೋನ್‌ಹೆಂಜ್ ಇರುವ ಕಡೆ ಸುಮಾರು 40 ಡಿಗ್ರಿ, ಯಾಕೆಂದರೆ ಅದು ಬಹಳ ಉತ್ತರದಲ್ಲಿದೆ. ಹಾಗಾಗಿ ಇವತ್ತು ಹೋಗಿ ನಿಂತರೂ ಆ ಜೋಡಿಗಲ್ಲುಗಳ ಲೆಕ್ಕವನ್ನು ಕಣ್ಣಾರೆ ಪರೀಕ್ಷೆ ಮಾಡಬಹುದು.

ನಕ್ಷತ್ರಗಳ ಕಥೆ ಬೇರೆ. ಭೂಮಿಯ ಅಕ್ಷ ನಿಧಾನವಾಗಿ ಸುತ್ತುತ್ತದೆ, ಬುಗುರಿ ತಲೆ ಆಡಿಸಿದ ಹಾಗೆ. ಒಂದು ಸುತ್ತಿಗೆ ಸುಮಾರು 26,000 ವರ್ಷ, ಅಂದರೆ 72 ವರ್ಷಕ್ಕೆ ಒಂದು ಡಿಗ್ರಿ. 3000 ವರ್ಷಕ್ಕೆ 40 ಡಿಗ್ರಿ ದಾಟುತ್ತದೆ. ಆಗ ಒಂದು ನಕ್ಷತ್ರ ಹುಟ್ಟುತ್ತಿದ್ದ ಜಾಗ ಬೇರೆ, ಈಗ ಹುಟ್ಟುವ ಜಾಗ ಬೇರೆ. ಕಲ್ಲು ನಿಲ್ಲಿಸಿದ ಕಾಲ ಸರಿಯಾಗಿ ಗೊತ್ತಿಲ್ಲದೆ ‘ಇದು ಇಂಥ ನಕ್ಷತ್ರಕ್ಕೆ ನೇರ’ ಅಂದರೆ, ಕಾಲವನ್ನು ಬೇಕಾದ ಹಾಗೆ ಎಳೆದು ಬೇಕಾದ ನಕ್ಷತ್ರ ಕೂರಿಸಬಹುದು. ಆಕಾಶದಲ್ಲಿ ನಕ್ಷತ್ರಗಳಿಗೇನು ಬರವೇ? ಹತ್ತು ಕಲ್ಲು ಇದ್ದರೆ 45 ಜೋಡಿ. ಯಾವುದೋ ಒಂದು ಜೋಡಿ ಯಾವುದೋ ಒಂದಕ್ಕೆ ನೇರ ಬಂದೇ ಬರುತ್ತದೆ.

ಸ್ಟೋನ್‌ಹೆಂಜ್ ವಿಷಯದಲ್ಲೂ ಹೀಗೇ ಆಯಿತು. 1960ರ ದಶಕದಲ್ಲಿ ಜೆರಾಲ್ಡ್ ಹಾಕಿನ್ಸ್ ಎಂಬ ಖಗೋಳಶಾಸ್ತ್ರಜ್ಞ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಅಲ್ಲಿನ 56 ಗುಂಡಿಗಳಿಂದ ಗ್ರಹಣವನ್ನೂ ಮೊದಲೇ ಹೇಳಬಹುದಿತ್ತು ಅಂದರು. ದೊಡ್ಡ ಸುದ್ದಿಯಾಯಿತು. ಪುರಾತತ್ವದವರು ಕೂಡಲೇ ತಕರಾರು ಎತ್ತಿದರು. ಇವತ್ತಿಗೂ ಗಟ್ಟಿಯಾಗಿ ಉಳಿದಿರುವುದು ಮುಖ್ಯ ಅಕ್ಷ: ಒಂದು ಕಡೆ ಬೇಸಿಗೆಯ ಅತಿ ಉದ್ದದ ಹಗಲಿನ ಸೂರ್ಯೋದಯ, ಎದುರು ಕಡೆ ಚಳಿಗಾಲದ ಅತಿ ಚಿಕ್ಕ ಹಗಲಿನ ಸೂರ್ಯಾಸ್ತ. ಅಲ್ಲೂ ಸೂರ್ಯನೇ.

ಹಾಗಾದರೆ ನಕ್ಷತ್ರ ಎಲ್ಲೂ ಇಲ್ಲವೇ? ಒಂದು ಕಡೆ ಇದೆ, ನಮಗೆ ಹತ್ತಿರದಲ್ಲೇ. ಕೃಷ್ಣಾ ದಂಡೆಯ ಮುಡುಮಾಲ್, ಈಗ ತೆಲಂಗಾಣದ ನಾರಾಯಣಪೇಟ ಜಿಲ್ಲೆ, ರಾಯಚೂರಿನಿಂದ ದೂರವಲ್ಲ. ಎತ್ತರದ ನಿಲಿಸುಗಲ್ಲುಗಳು, ಅವುಗಳ ಜೊತೆಗೆ ಸಾಲು ಸಾಲು ಚಿಕ್ಕ ಕಲ್ಲುಗಳು. 2025ರಲ್ಲಿ ಇದೂ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಬಂತು. ಅಲ್ಲಿ ಒಂದು ಕಲ್ಲಿನ ಮೇಲೆ ಬಟ್ಟಲಿನಂಥ ಸಣ್ಣ ಕುಳಿಗಳನ್ನು ಕೊರೆದಿದ್ದಾರೆ, ನಮ್ಮ ಅಳಗುಳಿ ಮಣೆಯ ಗುಳಿಗಳ ತರಹ. ಅವು ಸಪ್ತರ್ಷಿ ಮಂಡಲದ ಆಕಾರದಲ್ಲಿವೆ ಅಂತ ಅಧ್ಯಯನ ಮಾಡಿದವರು ಗುರುತಿಸಿದ್ದಾರೆ. ಇದು ದಿಕ್ಕಿಗೆ ನೇರ ಮಾಡಿದ ಜೋಡಣೆ ಅಲ್ಲ, ಚಿತ್ರ. ಎರಡೂ ಬೇರೆ. ‘ನಕ್ಷತ್ರಕ್ಕೆ ನೇರವಾಗಿ ನಿಲ್ಲಿಸಿದರು’ ಅನ್ನುವುದಕ್ಕೂ ‘ನಕ್ಷತ್ರಗಳನ್ನು ಕಲ್ಲಿನ ಮೇಲೆ ಬಿಡಿಸಿದರು’ ಅನ್ನುವುದಕ್ಕೂ ಅಜಗಜಾಂತರ ಇದೆ, ಕನ್ನಡದಲ್ಲಿ ಬರೆಯುವಾಗ ಎರಡಕ್ಕೂ ‘ನಕ್ಷತ್ರ ಸಂಬಂಧ’ ಅಂದರೆ ಆಗುವುದಿಲ್ಲ.

ಮುಡುಮಾಲಿನ ಈ ಕಲ್ಲುಗಳಿಗೆ ತೆಲುಗಿನವರು ‘ನಿಲುವುರಾಳ್ಳು’ ಅನ್ನುತ್ತಾರೆ. ನಿಂತ ಕಲ್ಲುಗಳು. ನಮ್ಮ ನಿಲಸ್ಕಲ್ಲಿಗೆ ಎಷ್ಟು ಹತ್ತಿರ ನೋಡಿ. ಹೊಳೆ ಬೇರೆ, ಭಾಷೆ ಬೇರೆ, ಆದರೂ ಜನ ಕಲ್ಲನ್ನು ನೋಡಿ ಹೇಳಿದ್ದು ಒಂದೇ.

ಇಲ್ಲಿಂದ ವ್ಯಾಕರಣದ ಪ್ರಶ್ನೆ. ಪುರಾತತ್ವದ ಬರಹಗಳಲ್ಲಿ ‘ನಿಲಿಸುಗಲ್ಲು’, ‘ನಿಲಸುಗಲ್ಲು’ ಎರಡೂ ಕಾಣುತ್ತವೆ. ಕೆಲವರು ‘ನಿಲುಗಲ್ಲು’ ಅನ್ನುತ್ತಾರೆ. ಬೀಸುಗಲ್ಲು, ಹಾಸುಗಲ್ಲು ಇದ್ದ ಹಾಗೆ ಧಾತುವಿಗೆ ನೇರ ಕಲ್ಲು ಸೇರಿದೆ, ಕಕಾರ ಗಕಾರ ಆಗಿದೆ. ಬೀಸುಗಲ್ಲು ಅಂದರೆ ಬೀಸುವ ಕಲ್ಲು, ಹಾಸುಗಲ್ಲು ಅಂದರೆ ಹಾಸುವ ಕಲ್ಲು. ಹಾಗೆಯೇ ನಿಲಿಸುಗಲ್ಲು ಅಂದರೆ ನಿಲಿಸುವ, ನಿಲಿಸಿದ ಕಲ್ಲು. ‘ನಿಲುಗಲ್ಲು’ ಅಂದರೆ ತಾನೇ ನಿಂತಿರುವ ಕಲ್ಲು, ಬಂಡೆ ಒಡೆದು ತಾನಾಗಿ ನಿಂತಿದ್ದಕ್ಕೂ ಹೊಂದುತ್ತದೆ. ಯಾರೋ ಮನುಷ್ಯರು ಕಷ್ಟಪಟ್ಟು ಎಬ್ಬಿಸಿ ನಿಲ್ಲಿಸಿದರು ಅನ್ನುವ ಅರ್ಥ ‘ಇಸು’ ಪ್ರತ್ಯಯದಲ್ಲೇ ಇದೆ, ಅದನ್ನು ಬಿಡಬಾರದು ಅಂತ ನನಗೆ ಅನ್ನಿಸುತ್ತದೆ. ‘ನೆಟ್ಟ ಕಲ್ಲು’ ಕೂಡ ಒಳ್ಳೆಯದೇ, ಬೆಂಗಳೂರಿನವರಿಗೆ ನೆಟ್ಟಕಲ್ಲಪ್ಪ ಸರ್ಕಲ್ ಗೊತ್ತಲ್ವಾ. ಆದರೆ ಗಡಿಕಲ್ಲು, ಬಾಂದುಕಲ್ಲು, ಕರುಗಲ್ಲು ಇವೂ ನೆಟ್ಟ ಕಲ್ಲುಗಳೇ ಆದ್ದರಿಂದ ಅದು ತುಂಬಾ ಅಗಲವಾದ ಪದ ಆಯಿತು. ಇನ್ನು ಶಹಾಪುರ ಹತ್ತಿರದ ವಿಭೂತಿಹಳ್ಳಿ, ಸುರಪುರ ಸೀಮೆಯ ಹನಮಸಾಗರ ಇಲ್ಲೆಲ್ಲ ಬಯಲಿನಲ್ಲಿ ಗುಂಡುಕಲ್ಲುಗಳನ್ನು ಚೌಕ ಹಾಕಿದ ಹಾಗೆ ಸಾಲಾಗಿ ಇಟ್ಟಿದ್ದಾರೆ. ಅದಕ್ಕೆ ‘ಸಾಲುಗಲ್ಲು’ ಅಂದರೆ ಮಕ್ಕಳಿಗೆ ಕಣ್ಣಿಗೆ ಕಟ್ಟುತ್ತದೆ.

ಜೂನ್, ಡಿಸೆಂಬರಿನ ಆ ದಿನಗಳಿಗೂ ಪದದ ತೊಂದರೆ ಇದೆ. ‘ಅಯನ ಸಂಕ್ರಾಂತಿ’ ಅಂತ ಬರೆಯುತ್ತಾರೆ. ಮಕ್ಕಳು ಓದಿದ ಕೂಡಲೇ ಎಳ್ಳುಬೆಲ್ಲ ನೆನೆಯುತ್ತಾರೆ, ಜನವರಿ 14 ಅಂದುಕೊಳ್ಳುತ್ತಾರೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ಸುಮಾರು 1700 ವರ್ಷಗಳ ಹಿಂದೆ ಈ ತಿರುವು, ಮಕರ ಸಂಕ್ರಾಂತಿ ಎರಡೂ ಒಂದೇ ದಿನ ಬರುತ್ತಿದ್ದವು. ಆಮೇಲೆ ದೂರವಾದವು, ಯಾಕೆಂದರೆ ನಮ್ಮ ಪಂಚಾಂಗ ಮಕರ ರಾಶಿಯನ್ನು ನಕ್ಷತ್ರಗಳ ಮೇಲೆ ಗುರುತು ಹಾಕುತ್ತದೆ, ಮೇಲೆ ಹೇಳಿದ ಅಕ್ಷದ ಸುತ್ತಾಟದಿಂದ ಅಯನಕ್ಕೂ ನಕ್ಷತ್ರಕ್ಕೂ ಇದ್ದ ಹೊಂದಾಣಿಕೆ ತಪ್ಪಿತು. ತುಳುನಾಡಿನ ಬಿಸುವಿನದೂ ಇದೇ ಕಥೆ. ವಿಷು ಅಂದರೆ ಹಗಲು ರಾತ್ರಿ ಸಮ ಇರುವ ದಿನ, ಅದು ಮಾರ್ಚ್ 20-21ಕ್ಕೆ, ಹಬ್ಬ ಮಾತ್ರ ಏಪ್ರಿಲ್ ನಡುವೆ. ಈ ಎರಡು ಹಬ್ಬಗಳನ್ನು ತೋರಿಸಿದರೆ ನಕ್ಷತ್ರದ ಲೆಕ್ಕ ಹೇಗೆ ಜಾರುತ್ತದೆ ಅಂತ ಮಕ್ಕಳಿಗೆ ಬೇಗ ತಿಳಿಯುತ್ತದೆ. ಡಿಸೆಂಬರಿನದಕ್ಕೆ ನಾನು ‘ಉತ್ತರದ ತಿರುವು’, ಜೂನಿನದಕ್ಕೆ ‘ದಕ್ಷಿಣದ ತಿರುವು’ ಅಂತ ಇಡಬೇಕೆಂದಿದ್ದೇನೆ. ‘ಅಯನಾಂತ’ ಸರಿಯಾದ ಪದವೇ, ಆದರೆ ಎಂಟನೇ ಕ್ಲಾಸಿನವರಿಗೆ ಭಾರ.

ಈ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ ಕಾಲಕ್ಕೆ ಬಳಸುವ ಇನ್ನೊಂದು ಪದ ‘ಬೃಹತ್ ಶಿಲಾಯುಗ’. ಇದನ್ನು ಕೇಳಿದರೆ ಕಲ್ಲಿನ ಆಯುಧ ಹಿಡಿದ ಜನ ಅನ್ನಿಸುತ್ತದೆ. ಬ್ರಹ್ಮಗಿರಿಯ ಗೋರಿಗಳಲ್ಲಿ ಸಿಕ್ಕಿದ್ದು ಕಬ್ಬಿಣ. ನಮ್ಮ ಕಡೆಯ ಈ ಗೋರಿಗಳು ಹೆಚ್ಚಾಗಿ ಕಬ್ಬಿಣದ ಕಾಲದವು. ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳು ಎದ್ದಿದ್ದು ಕ್ರಿ.ಪೂ. 2500ರ ಸುಮಾರಿಗೆ, ಅವಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಮುಂಚೆ. ‘ಯುಗ’ ಬಿಟ್ಟು ‘ಬೃಹತ್ ಶಿಲಾ ಸಂಸ್ಕೃತಿ’ ಅಂತ ಬರೆಯುವವರ ಪಕ್ಷ ನನ್ನದು. ‘ಕರ್ನಾಟಕದ ಸ್ಟೋನ್‌ಹೆಂಜ್’ ಅನ್ನುವ ತಲೆಬರಹವನ್ನಂತೂ ದಯವಿಟ್ಟು ಕೈಬಿಡೋಣ. ನಿಲಸ್ಕಲ್ಲಿಗೆ ತನ್ನದೇ ಚೆಂದದ ಹೆಸರಿದೆ, ಬೇರೆಯವರ ಹೆಸರು ಯಾಕೆ?

ಹಾಗೆ ‘ವೀಕ್ಷಣಾಲಯ’ವೂ ಬೇಡ. ಕೊಡೈಕೆನಾಲ್‌ನಲ್ಲಿ, ಕಾವಲೂರಿನಲ್ಲಿ ಇರುವುದು ವೀಕ್ಷಣಾಲಯ. ನಿಲಸ್ಕಲ್ಲಿನವರು ಸೂರ್ಯ ಎಲ್ಲಿ ತಿರುಗುತ್ತಾನೆ ಅಂತ ಗುರುತು ಇಟ್ಟರು. ಅದಕ್ಕೆ ‘ನೋಟದ ಗುರುತು’, ಎರಡು ಕಲ್ಲುಗಳ ಜೋಡಿಗೆ ‘ನೋಟದ ಸಾಲು’ ಅಂದರೆ ಹೇಗೆ?

ನನಗೆ ಬೇಕಾದ ಸಹಾಯ ಇಷ್ಟು. ಹೊಸನಗರ, ತೀರ್ಥಹಳ್ಳಿ ಕಡೆಯವರು ಇದ್ದರೆ, ಈ ಕಲ್ಲುಗಳಿಗೆ ಊರಿನ ಹಿರಿಯರು ಮಾತಿನಲ್ಲಿ ಏನನ್ನುತ್ತಾರೆ ಅಂತ ಕೇಳಿ ತಿಳಿಸಿ, ಅವರ ಉಚ್ಚಾರಣೆಯಲ್ಲೇ ಬರೆಯಿರಿ, ತಿದ್ದಬೇಡಿ. ಶಹಾಪುರ, ಸುರಪುರದವರು ಸಾಲುಗಲ್ಲಿಗೆ ಅಲ್ಲಿ ಬಳಸುವ ಪದ ಹೇಳಿ. ಹೊಲದ ಕೆಲಸಕ್ಕೆ ಚುಕ್ಕಿ ನೋಡುತ್ತಿದ್ದ ಮನೆತನದವರು ಯಾರಾದರೂ ಇದ್ದರೆ, ಸಪ್ತರ್ಷಿಗೆ ಪುಸ್ತಕದ ಹೆಸರು ಬಿಟ್ಟು ಮನೆಯಲ್ಲಿ ಏನು ಹೇಳುತ್ತಿದ್ದರು? ‘ಸುತ್ತುಗಲ್ಲು’, ‘ಉತ್ತರದ ತಿರುವು’ ಇವು ಕಿವಿಗೆ ಒಪ್ಪದಿದ್ದರೆ ಅದನ್ನೂ ನೇರವಾಗಿ ಹೇಳಿ, ಜೊತೆಗೆ ನಿಮ್ಮ ಪದ ಕೊಡಿ. ಮುಂದಿನ ತಿಂಗಳು ಬರಹ ಅಚ್ಚಿಗೆ ಹೋಗಬೇಕು.