ಪದಚರ್ಚೆ: ಚಕ್ರದ ‘ವಾಲು’, ಚಕ್ರದ ‘ಮುಖ’ – ತಗ್ಗಿಸಿದ ಕಾರಿನ ಟಯರ್ ಬಗ್ಗೆ ಬರೆಯಲು ಇವು ಸರಿಯೇ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ಸಂತೆಕಟ್ಟೆ ಹತ್ತಿರ ನಮ್ಮ ಅಣ್ಣನದು ಟಯರ್ ಮತ್ತು ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಅಂಗಡಿ. ಗಿರಾಕಿಗಳ ಕೈಗೆ ಕೊಡಲು ಕನ್ನಡದಲ್ಲಿ ಒಂದು ಪುಟದ ಮಾಹಿತಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಸ್ಪ್ರಿಂಗ್ ಕತ್ತರಿಸಿ, ಇಲ್ಲವೇ ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರು ತಗ್ಗಿಸಿಕೊಂಡವರಿಗೆ. ಅವರ ಟಯರಿನ ಒಳ ಅಂಚು ಬೇಗ ಬೋಳಾಗುತ್ತದೆ. ಯಾಕೆ ಅಂತ ಬರೆಯಲು ಕೂತರೆ ಎರಡು ಪದ ದಾರಿಗೆ ಅಡ್ಡ ಬರುತ್ತವೆ: ಕ್ಯಾಂಬರ್ (ಎದುರಿಂದ ನೋಡಿದಾಗ ಚಕ್ರದ ಓರೆ), ಟೋ (ಮೇಲಿಂದ ನೋಡಿದಾಗ ಚಕ್ರ ತಿರುಗಿದ ದಿಕ್ಕು). ಇವಕ್ಕೆ ಕನ್ನಡದಲ್ಲಿ ಯಾವ ಮಾತು ಹೊಂದುತ್ತದೆ ಅಂತ ನಿಮ್ಮನ್ನು ಕೇಳಬೇಕಿತ್ತು.

ಒಂದು ವಿಷಯ ಮೊದಲೇ ಹೇಳುತ್ತೇನೆ. ಕ್ರಿಯಾಪದಗಳಿಗೆ ನಮ್ಮಲ್ಲಿ ಬರ ಇಲ್ಲ. ಗಿರಾಕಿ ಬಾಯಿ ಬಿಟ್ಟ ಕೂಡಲೇ ಅರ್ಧ ರೋಗ ಗೊತ್ತಾಗಿಬಿಡುತ್ತದೆ. “ಗಾಡಿ ಎಡಕ್ಕೆ ಎಳೀತದೆ” ಅಂದರೆ ಮೊದಲು ಗಾಳಿ, ಆಮೇಲೆ ಅಲೈನ್‌ಮೆಂಟ್ ನೋಡಬೇಕು. “ಎಂಬತ್ತು ದಾಟಿದ್ರೆ ಸ್ಟೇರಿಂಗ್ ನಡುಗ್ತದೆ” ಅಂದರೆ ಹೆಚ್ಚಾಗಿ ಬ್ಯಾಲೆನ್ಸಿಂಗ್ ತಪ್ಪಿರುತ್ತದೆ. ರಿಮ್ಮಿಗೆ ಸಣ್ಣ ತೂಕ ಕೂರಿಸಿದರೆ ಸರಿಯಾಗುತ್ತದೆ. “ಹಂಪ್ ಇಳಿಯುವಾಗ ಕಟಕಟ ಅಂತದೆ” ಅಂದರೆ ಬಾಲ್ ಜಾಯಿಂಟ್, ಬುಶ್ ಅಲ್ಲಾಡಿಸಿ ನೋಡಬೇಕು. ತಗ್ಗಿಸಿದ ಗಾಡಿಯವರು ಹೇಳುವುದು “ಟಯರ್ ತಿಂತದೆ” ಅಂತ. ತುಳುವಿನಲ್ಲೂ ಅದೇ ಮಾತು, “ಟಯರ್ ತಿನ್ಪುಂಡು.”

ಈ ‘ತಿನ್ನು’ ಎಷ್ಟು ಚಂದದ ಬಳಕೆ ನೋಡಿ. ‘ಟಯರ್ ಸವೆದಿದೆ’ ಅಂದರೆ ಓಡಿ ಓಡಿ ಸಮನಾಗಿ ಮುಗಿದಿದೆ, ದೂರು ಏನಿಲ್ಲ. ‘ಟಯರ್ ತಿಂದಿದೆ’ ಅಂದರೆ ಎಲ್ಲೋ ಒಂದು ಬದಿ ಅವಧಿಗೆ ಮೊದಲೇ ಹೋಗಿದೆ, ಅದಕ್ಕೊಂದು ಕಾರಣ ಇದೆ. ಎರಡು ಬೇರೆ ಅರ್ಥ. ನನ್ನ ಪುಟದಲ್ಲಿ ಈ ವ್ಯತ್ಯಾಸವನ್ನು ಹಾಗೇ ಉಳಿಸಿಕೊಂಡಿದ್ದೇನೆ. ಮೈಸೂರು, ಧಾರವಾಡ, ಕಲಬುರಗಿ ಕಡೆಯವರು ಹೀಗೇ ಹೇಳುತ್ತೀರಾ? ಅಥವಾ ಅಲ್ಲಿ ಎಲ್ಲದಕ್ಕೂ ‘ಸವೆ’ ಒಂದೇ ಸಾಕಾ?

ಇನ್ನು ನಾಮಪದ. ತೊಡಕು ಇರುವುದೇ ಇಲ್ಲಿ. ಏನೇ ತಪ್ಪಿದ್ದರೂ ಅಂಗಡಿಯಲ್ಲಿ ಹೇಳುವುದು “ಅಲೈನ್‌ಮೆಂಟ್ ಔಟ್” ಅಂತ. ಕೇಳಿದವರು ತಲೆ ಆಡಿಸಿ ದುಡ್ಡು ಕೊಟ್ಟು ಹೋಗುತ್ತಾರೆ. ಯಾವುದು ಔಟ್, ಯಾವುದನ್ನು ಸರಿ ಮಾಡಿದರು ಅಂತ ಅವರಿಗೆ ಗೊತ್ತಿರುವುದಿಲ್ಲ.

ಕಾರಿನ ಎದುರು ಕುಕ್ಕರಗಾಲಿನಲ್ಲಿ ಕೂತು ಚಕ್ರ ನೋಡಿ. ಚಕ್ರದ ತಲೆ ಎಂಜಿನ್ ಕಡೆಗೆ ಬಾಗಿದ ಹಾಗೆ ಕಂಡರೆ ಅದು ನೆಗೆಟಿವ್ ಕ್ಯಾಂಬರ್. ಹೊರಗೆ ಬಾಗಿದ್ದರೆ ಪಾಸಿಟಿವ್. ನಮ್ಮ ಹೆಚ್ಚಿನ ಸಣ್ಣ ಕಾರುಗಳಿಗೆ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಸೇರಿದ ಜೋಡಣೆ. ಗಾಡಿ ತಗ್ಗಿಸಿದಾಗ ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್‌ನ ಕೋನ ಬದಲಾಗಿ ಸಾಮಾನ್ಯವಾಗಿ ಚಕ್ರದ ತಲೆ ಒಳಗೆ ಬರುತ್ತದೆ. ಆಗ ಭಾರ ಒಳ ಅಂಚಿನ ಮೇಲೆ ಜಾಸ್ತಿ ಬೀಳುತ್ತದೆ.

ಇದಕ್ಕೆ ‘ವಾಲು’ ಅಂತ ಬರೆದಿದ್ದೇನೆ. ಗೋಡೆ ವಾಲಿದೆ, ತೆಂಗಿನ ಮರ ವಾಲಿದೆ ಅಂತೀವಲ್ವಾ, ಅದೇ ವಾಲು. ಒಳವಾಲು, ಹೊರವಾಲು ಅಂತ ಎರಡು ಮಾಡಿಕೊಂಡರೆ ನೆಗೆಟಿವ್, ಪಾಸಿಟಿವ್ ಗೊಂದಲ ಇರುವುದಿಲ್ಲ. ‘ಬಾಗು’ ಅಂತ ಬರೆದರೆ ರಿಮ್ ಬೆಂಡ್ ಆಗಿದೆ ಅಂತ ಓದುವವರು ತಿಳಿಯುತ್ತಾರೆ. ‘ಸೊಟ್ಟ’ ಅಂದರೆ ಪೂರ್ತಿ ತಪ್ಪು ಅನ್ನುವ ಅರ್ಥ ಬರುತ್ತದೆ. ಆದರೆ ಸ್ವಲ್ಪ ಒಳವಾಲನ್ನು ಎಷ್ಟೋ ಕಾರುಗಳಿಗೆ ಕಂಪನಿಯವರೇ ಇಟ್ಟಿರುತ್ತಾರೆ, ತಿರುವಿನಲ್ಲಿ ಹಿಡಿತ ಚೆನ್ನಾಗಿರಲಿ ಅಂತ. ‘ಓರೆ’ ಒಳ್ಳೆಯ ಪದ, ಆದರೆ ಮೇಲಿಂದ ನೋಡಿದರೂ ಓರೆ, ಎದುರಿಂದ ನೋಡಿದರೂ ಓರೆ. ನನಗೆ ಬೇಕಾಗಿರುವುದು ಈ ಎರಡನ್ನು ಬೇರೆ ಮಾಡುವ ಮಾತು. ‘ವಾಲು’ ನಾಮಪದವಾಗಿ ಕಿವಿಗೆ ಸರಿ ಕೇಳುತ್ತದಾ, ಅಥವಾ ‘ವಾಲಿಕೆ’ ಅನ್ನಬೇಕಾ? ನನ್ನ ಒಲವು ‘ವಾಲು’ ಕಡೆಗೇ.

ಎರಡನೆಯದು ಟೋ. ಮೇಲಿಂದ ನೋಡಿದರೆ ಮುಂದಿನ ಎರಡು ಚಕ್ರಗಳು ಒಂದನ್ನೊಂದು ನೋಡುವ ಹಾಗೆ ಸ್ವಲ್ಪ ಒಳಗೆ ತಿರುಗಿದ್ದರೆ ಟೋ ಇನ್, ಹೊರಗೆ ತಿರುಗಿದ್ದರೆ ಟೋ ಔಟ್. ಒಂದು ಕಡೆ ಇದನ್ನು ‘ಕಾಲ್ಬೆರಳು’ ಅಂತ ಬರೆದದ್ದು ನೋಡಿದೆ. ಓದಿದವರಿಗೆ ಏನೂ ಹೊಳೆಯುವುದಿಲ್ಲ. ನಾನು ‘ಮುಖ’ ಅಂತ ಇಟ್ಟಿದ್ದೇನೆ. ಮನೆ ಪೂರ್ವಕ್ಕೆ ಮುಖ ಮಾಡಿದೆ ಅಂತೀವಿ. ಹಾಗೆಯೇ ಚಕ್ರ ಒಳಮುಖ, ಚಕ್ರ ಹೊರಮುಖ.

ಈ ಎರಡು ಪದ ಬೇರೆಬೇರೆ ಇರಲೇಬೇಕು ಅಂತ ನಾನು ಪಟ್ಟು ಹಿಡಿಯಲು ಕಾರಣ ಇದೆ. ತಗ್ಗಿಸಿದ ಗಾಡಿಯ ಚಕ್ರ ಒಳಕ್ಕೆ ವಾಲಿದ್ದು ಕಣ್ಣಿಗೇ ಕಾಣುತ್ತದೆ. ಹಾಗಾಗಿ ಟಯರ್ ತಿಂದದ್ದಕ್ಕೆ ಎಲ್ಲರೂ ವಾಲನ್ನೇ ದೂರುತ್ತಾರೆ. ವಾಲು ಹೊಂದಿಸುವ ಕ್ಯಾಂಬರ್ ಬೋಲ್ಟ್ ಹಾಕಿಸುತ್ತಾರೆ. ಹೊಸ ಟಯರಿಗೂ ಅದೇ ಗತಿ ಆಗುತ್ತದೆ. ಯಾಕೆಂದರೆ ಎತ್ತರ ಕಡಿಮೆಯಾದಾಗ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ಕೋನವೂ ಬದಲಾಗಿ ಚಕ್ರದ ಮುಖವೂ ತಿರುಗಿರುತ್ತದೆ. ಒಳಕ್ಕೋ ಹೊರಕ್ಕೋ ಅನ್ನುವುದು ಟೈ ರಾಡ್ ಅಚ್ಚಿನ ಮುಂದಿದೆಯಾ ಹಿಂದಿದೆಯಾ ಅನ್ನುವುದರ ಮೇಲೆ ನಿಂತಿದೆ. ಇದು ಕಣ್ಣಿಗೆ ಕಾಣುವುದಿಲ್ಲ, ಆದರೆ ಜಾಸ್ತಿ ತಿನ್ನುವುದು ಇದೇ.

ಲೆಕ್ಕ ಹಾಕಿ ನೋಡಿ. ಒಂದು ಚಕ್ರದ ಮುಖ ಬರೀ ಅರ್ಧ ಡಿಗ್ರಿ ತಿರುಗಿದೆ ಅಂದುಕೊಳ್ಳಿ. ಪ್ರತಿ ಕಿಲೋಮೀಟರಿಗೆ ಆ ಟಯರ್ ಸುಮಾರು 8.7 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಉಡುಪಿಯಿಂದ ಕಾಪು, ಪಡುಬಿದ್ರಿ, ಮೂಲ್ಕಿ ದಾಟಿ ಮಂಗಳೂರಿಗೆ ಸುಮಾರು 55 ಕಿ.ಮೀ. ಕುಳೂರು ಸೇತುವೆ ದಾಟಿ ಊರೊಳಗೆ ಹೋಗುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಅಡ್ಡ ಉಜ್ಜಿದ ಲೆಕ್ಕ. ಒಳವಾಲು ಮತ್ತು ಹೊರಮುಖ ಎರಡೂ ಒಂದೇ ಚಕ್ರಕ್ಕೆ ಸೇರಿದರೆ ಒಳ ಅಂಚಿನ ಕಥೆ ಮುಗಿದ ಹಾಗೆಯೇ. ವಾಲು ಸ್ವಲ್ಪ ಉಳಿದರೂ ಮುಖವನ್ನು ಸೊನ್ನೆ ಹತ್ತಿರ ತಂದರೆ ಟಯರ್ ಎಷ್ಟೋ ಕಾಲ ಬಾಳುತ್ತದೆ. ಇನ್ನೊಂದು ಮಾತು. ವಾಲು ಬದಲಿಸಿದರೆ ಮುಖವೂ ಬದಲಾಗುತ್ತದೆ. ಅದಕ್ಕೇ ಮುಖವನ್ನು ಕೊನೆಗೆ ಹೊಂದಿಸುವುದು. ಗಿರಾಕಿಗೆ ಇಷ್ಟು ಗೊತ್ತಿದ್ದರೆ “ಮುಖ ಎಷ್ಟಿದೆ, ತೋರಿಸಿ” ಅಂತ ಕೇಳಬಹುದು. ಯಂತ್ರದ ಪರದೆ ಮೇಲಿನ ಕೆಂಪು, ಹಸಿರು ಅಂಕಿಗಳು ಕಂಪನಿ ಎತ್ತರದ ಗಾಡಿಗೆ ಇಟ್ಟದ್ದು ಅನ್ನುವುದೂ ಅವರಿಗೆ ತಿಳಿದಿರಬೇಕು.

ಇನ್ನೊಂದು ಪದ ಬೇಕು. ಮುಖ ತಿರುಗಿದ ಟಯರಿನ ಮೇಲೆ ಅಂಗೈ ಇಟ್ಟು ಅಡ್ಡಕ್ಕೆ ಸವರಿ. ಒಂದು ದಿಕ್ಕಿಗೆ ನುಣ್ಣಗೆ ಜಾರುತ್ತದೆ. ತಿರುಗಿ ಬರುವಾಗ ಪ್ರತಿ ಗೆರೆಯ ಅಂಚೂ ಚರ್ಮಕ್ಕೆ ತಾಗಿ ಕೆರೆಯುತ್ತದೆ. ಕೈಪಿಡಿಗಳಲ್ಲಿ ಇದಕ್ಕೆ ಫೆದರಿಂಗ್ ಅನ್ನುತ್ತಾರೆ. ನಮ್ಮ ಕರಾವಳಿಯವರಿಗೆ ಮೀನು ಹೆಚ್ಚು ಹತ್ತಿರ. ಮೀನನ್ನು ಬಾಲದಿಂದ ತಲೆ ಕಡೆಗೆ ಸವರಿದರೆ ಕೈಗೆ ಸಿಗುವುದು ಇದೇ ಅನುಭವ. ಅದಕ್ಕೆ ‘ಹುರುಪೆ ಸವೆತ’ ಅಂತ ಬರೆದೆ. ‘ಹುರುಪೆ’ ಅಂದರೆ ಮೀನಿನ ಮೈ ಮೇಲಿನ ಬಿಲ್ಲೆ, ಪಾಠಪುಸ್ತಕದಲ್ಲಿ ಓದಿದ ಪದ. ಮೀನು ತಿನ್ನದ ಊರುಗಳಲ್ಲಿ ಇದು ಅರ್ಥವಾಗುತ್ತದಾ? ಮಂಗಳೂರಿನ ಬಂದರು ಕಡೆ, ಮಲ್ಪೆ ಕಡೆ ಮೀನು ಕೊಯ್ಯುವವರು ಕನ್ನಡದಲ್ಲಿ ಮಾತಾಡುವಾಗ ಇದಕ್ಕೆ ಏನು ಹೇಳುತ್ತಾರೆ?

ಉಳಿದವು ಸುಲಭ. ಗಾಳಿ ಜಾಸ್ತಿಯಾದರೆ ‘ನಡು ಸವೆತ’, ಕಡಿಮೆಯಾದರೆ ‘ಎರಡಂಚು ಸವೆತ’. ಶಾಕ್ ಅಬ್ಸಾರ್ಬರ್ ಹೋಗಿ ಅಲ್ಲಲ್ಲಿ ತಗ್ಗು ಬಿದ್ದರೆ ‘ಗುಳಿ ಸವೆತ’. ಕ್ಯಾಸ್ಟರ್ (ಚಕ್ರ ತಿರುಗುವ ಸ್ಟೇರಿಂಗ್ ಅಚ್ಚು ಬದಿಯಿಂದ ನೋಡಿದಾಗ ಇರುವ ಓರೆ) ಅಷ್ಟಾಗಿ ಟಯರ್ ತಿನ್ನುವುದಿಲ್ಲ, ಆ ಪದವನ್ನು ಮುಟ್ಟಲು ಹೋಗಿಲ್ಲ.

‘ಒಳ ಅಂಚು’ ಅನ್ನುವುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೇನೆ. ಕಾರಿನ ಟಯರಿನ ಗೆರೆಯ ಆಳ 1.6 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಗೆರೆಗಳ ನಡುವೆ ಅದೇ ಎತ್ತರದ ಸಣ್ಣ ದಿಬ್ಬ ಇರುತ್ತದೆ. ಆದರೆ ನಿಂತು ನೋಡುವವರಿಗೆ ಕಾಣುವುದು ಹೊರ ಅಂಚು. ಅಲ್ಲಿ ಗೆರೆ ಚೆನ್ನಾಗಿಯೇ ಇರುತ್ತದೆ. ಒಳಗಡೆ ತಂತಿ ಎದ್ದಿರುತ್ತದೆ. ಜೂನ್, ಜುಲೈ ಮಳೆಯಲ್ಲಿ ಹೆದ್ದಾರಿ 66ರ ಮೇಲೆ ನೀರು ನಿಂತಾಗ ಆ ಬೋಳು ಭಾಗಕ್ಕೆ ನೀರು ಹೊರಹಾಕಲು ಆಗುವುದಿಲ್ಲ. ಬ್ರೇಕ್ ಒತ್ತಿದರೆ ಗಾಡಿ ನಿಲ್ಲುವ ಬದಲು ಜಾರುತ್ತದೆ. ಸ್ಟೇರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಹಿಂದಿನಿಂದ ಬಗ್ಗಿ ನೋಡಿ ಅಂತ ಬರೆದಿದ್ದೇನೆ.

ಕೊನೆಯದಾಗಿ ಎರಡು ಪ್ರಶ್ನೆ. ಎತ್ತಿನ ಗಾಡಿಯ ಅಚ್ಚು, ಕಡಾಣಿ ಎಲ್ಲ ನಮಗೆ ಗೊತ್ತಿವೆ. ಗಾಡಿ ಮಾಡುವ ಆಚಾರಿಗಳು ಚಕ್ರ ವಾಲಿದ್ದಕ್ಕೆ, ಅಡ್ಡಮುಖ ಆದದ್ದಕ್ಕೆ ಬೇರೆಬೇರೆ ಮಾತು ಬಳಸುತ್ತಿದ್ದರಾ? ಹಾಗೆಯೇ ತೇರು ಎಳೆಯುವಾಗ ಗಾಲಿಯಡಿಗೆ ಮರದ ತುಂಡು ಕೊಟ್ಟು ದಿಕ್ಕು ತಿರುಗಿಸುವವರು ಇದ್ದಾರೆ. ಗಾಲಿ ಎತ್ತ ಮುಖ ಮಾಡಿದೆ ಅಂತ ಅವರು ಒಬ್ಬರಿಗೊಬ್ಬರು ಕೂಗಿ ಹೇಳಲೇಬೇಕಲ್ಲ. ಆ ಮಾತು ಏನು? ರಥಬೀದಿಯಲ್ಲಿ ನಾನೂ ವಿಚಾರಿಸುತ್ತೇನೆ. ನಿಮ್ಮ ಊರಿನ ತೇರಿನವರು ಏನು ಹೇಳುತ್ತಾರೆ ಅಂತ ದಯವಿಟ್ಟು ಕೇಳಿ, ಊರಿನ ಹೆಸರಿನ ಜೊತೆ ಬರೆಯಿರಿ. ಪುಟ ಅಚ್ಚಿಗೆ ಹೋಗಲು ಇನ್ನೂ ಸಮಯ ಇದೆ.