ಅಜ್ಜನ ಪೆಟ್ಟಿಗೆಯ ಹಳೇ ಸ್ಕ್ರೂಡ್ರೈವರ್‌ಗಳು: ಯಾವುದು ಎಲ್ಲಿಯದು, ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ: ಸುಂಟಿಕೊಪ್ಪದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ ಇಲ್ಲೇ ಹತ್ತಿರದ ಒಂದು ಎಸ್ಟೇಟಿನಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ), ಡೀಸೆಲ್ ಎಂಜಿನ್ ನೋಡಿಕೊಳ್ಳುತ್ತಿದ್ದರು. ಕಳೆದ ವಾರ ಅಟ್ಟ ಗುಡಿಸುವಾಗ ಅವರ ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ಹದಿನಾಲ್ಕು ಸ್ಕ್ರೂಡ್ರೈವರ್. ಹೆಚ್ಚಿನವಕ್ಕೆ ಮರದ ಹಿಡಿ. ಎರಡಕ್ಕೆ ಹಳದಿ ಪ್ಲಾಸ್ಟಿಕ್ ಹಿಡಿ, ಅವು ಕೆಟ್ಟ ವಾಸನೆ ಬರುತ್ತಿವೆ. ಒಂದನ್ನು ಒತ್ತಿದರೆ ತಾನೇ ತಿರುಗುತ್ತದೆ. ಎಲ್ಲಕ್ಕೂ ತುಕ್ಕು. ಗುಜರಿಗೆ ಹಾಕು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ, ನನಗೆ ಮನಸ್ಸಿಲ್ಲ. ಯಾವುದು ಎಲ್ಲಿಯದು, ಎಷ್ಟು ಹಳೆಯದು ಅಂತ ತಿಳಿಯೋದು ಹೇಗೆ? ತುಕ್ಕು ತೆಗೆಯೋದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಮಡಿಕೇರಿಯಿಂದ

ಮೊದಲನೇ ಮಾತು, ಇವತ್ತು ಏನನ್ನೂ ಉಜ್ಜಬೇಡಿ. ಮೊದಲು ಓದಿ, ಆಮೇಲೆ ಉಜ್ಜಿ.

ಇದನ್ನು ಕಷ್ಟಪಟ್ಟು ಕಲಿತೆ. ಹನ್ನೆರಡು ವರ್ಷದ ಹಿಂದೆ ಶುಕ್ರವಾರದ ಸಂತೆ ದಿನ ಒಬ್ಬ ಗುಜರಿಯವರ ರಾಶಿಯಲ್ಲಿ ಒಂದೂವರೆ ಅಡಿ ಉದ್ದದ ಸ್ಕ್ರೂಡ್ರೈವರ್ ಸಿಕ್ಕಿತ್ತು. 150 ರೂಪಾಯಿ ಕೊಟ್ಟು ತಂದೆ. ಕ್ಲೀನ್ ಮಾಡಿಕೊಡಿ ಅಂತ ಒಂದು ವರ್ಕ್‌ಶಾಪಿಗೆ ಕೊಟ್ಟರೆ ಅವರು ವೈರ್ ಬ್ರಶ್ಶಿನ ಚಕ್ರಕ್ಕೆ ಹಿಡಿದರು. ಐದು ನಿಮಿಷದಲ್ಲಿ ಫಳಫಳ. ಮನೆಗೆ ತಂದು ನೋಡುತ್ತೇನೆ, ಅಕ್ಷರಗಳಲ್ಲಿ ಕೊನೆಯ ನಾಲ್ಕೈದು ಮಾತ್ರ ಉಳಿದಿವೆ. ಇಂಗ್ಲೆಂಡಿನ ಉಕ್ಕಿನ ಊರು ಶೆಫೀಲ್ಡ್ ಅಂತ ಊಹಿಸಬಹುದು. ಮಾಡಿದವರ ಹೆಸರು ಹೋಯಿತು. ಅದನ್ನು ಕೈಗೆತ್ತಿಕೊಂಡಾಗೆಲ್ಲ ಸಂಕಟ ಆಗುತ್ತದೆ.

ಗುರುತು ಸಾಮಾನ್ಯವಾಗಿ ಇರೋದು ಹಿಡಿಯ ಬುಡದಲ್ಲಿ, ಹಿತ್ತಾಳೆ ಅಥವಾ ಕಬ್ಬಿಣದ ಬಳೆ ಮುಗಿದ ಕೂಡಲೇ. ಅಲ್ಲಿ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಹಳೇ ಬನಿಯನ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಎಣ್ಣೆ ಪೂರ್ತಿ ಹೋದ ಮೇಲೆ ಸೀಮೆಸುಣ್ಣ ಸವರಿ, ಬೆರಳಲ್ಲಿ ತಿಕ್ಕಿ. ತಗ್ಗಿನಲ್ಲಿ ಸುಣ್ಣ ಕೂತು ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಕೋಣೆ ಕತ್ತಲೆ ಮಾಡಿ ಮೊಬೈಲ್ ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಮೇಲಿನಿಂದ ನೇರ ಬೆಳಕು ಬಿಟ್ಟರೆ ಏನೂ ಕಾಣೋದಿಲ್ಲ. ಮರದ ಹಿಡಿಯ ಮೇಲೂ ನೋಡಿ. ಹೆಸರು, ಇನಿಶಿಯಲ್ ಕೆತ್ತಿರುತ್ತಾರೆ. ಅದು ನಿಮ್ಮ ಅಜ್ಜನ ಕೈಯದೇ ಇರಬಹುದು, ಅಲ್ವಾ? ಅದನ್ನಂತೂ ಮರಳು ಕಾಗದ ಹಾಕಿ ಅಳಿಸಬೇಡಿ.

ಹೆಸರು ಸಿಗದಿದ್ದರೆ ಆಕಾರವೇ ಮಾತಾಡುತ್ತದೆ. ಹಿಡಿ ದಪ್ಪಗೆ, ಮೊಟ್ಟೆ ಹಾಗೆ ಉಬ್ಬಿದ್ದು, ಬದಿ ಸ್ವಲ್ಪ ಚಪ್ಪಟೆ ಇದ್ದರೆ ಅದು ಬಡಗಿಗಳ ಕ್ಯಾಬಿನೆಟ್ ಪ್ಯಾಟರ್ನ್. ರಾಡೇ ಅಗಲವಾಗಿ ಪಟ್ಟಿಯಂತಿದ್ದರೆ ಲಂಡನ್ ಪ್ಯಾಟರ್ನ್. ಇಂಗ್ಲೆಂಡಿನಿಂದ ಬಂದವು ಹೆಚ್ಚಾಗಿ ಬೀಚ್, ಆಶ್ ಅಥವಾ ಹಳದಿ ಬಾಕ್ಸ್‌ವುಡ್ ಹಿಡಿಯವು. ಹಿಡಿ ಬೀಟೆಯದ್ದಾದರೆ ಮೂಲ ಹಿಡಿ ಒಡೆದು ಇಲ್ಲಿಯ ಬಡಗಿ ಹೊಸದು ಹಾಕಿರೋ ಸಾಧ್ಯತೆ ಜಾಸ್ತಿ. ಅದನ್ನೂ ಹಾಗೇ ಇಟ್ಟುಕೊಳ್ಳಿ.

ಇನ್ನೊಂದು ಜಾತಿ ಇದೆ. ತುದಿಯಿಂದ ಹಿಡಿಯ ಕೊನೆವರೆಗೂ ಒಂದೇ ಉಕ್ಕು, ಎರಡೂ ಬದಿಗೆ ಮರದ ಹಲಗೆ ಕೂರಿಸಿ ರಿವೆಟ್ ಹೊಡೆದಿರುತ್ತಾರೆ. ಇದಕ್ಕೆ ಪರ್ಫೆಕ್ಟ್ ಹ್ಯಾಂಡಲ್ ಅನ್ನುತ್ತಾರೆ. ಅಮೆರಿಕದ ಕನೆಕ್ಟಿಕಟ್‌ನ ಎಚ್.ಡಿ. ಸ್ಮಿತ್ ಕಂಪನಿಯಿಂದ ಈ ಹೆಸರು ನಿಂತಿತು, ಆಮೇಲೆ ಬೇರೆ ದೇಶದವರೂ ಅದೇ ಮಾದರಿ ಮಾಡಿದರು. ಸುತ್ತಿಗೆ ಪೆಟ್ಟು ತಿಂದೂ ಉಳಿಯುತ್ತದೆ. ಆದರೆ ಇದನ್ನು ಕರೆಂಟ್ ಕೆಲಸಕ್ಕೆ ಮುಟ್ಟಲೇಬೇಡಿ. ಹಿಡಿದ ಕೈಗೆ ನೇರ ಉಕ್ಕೇ ತಾಗುತ್ತದೆ.

ಒತ್ತಿದರೆ ತಿರುಗುವುದು ಯಾಂಕಿ ಮಾದರಿ. ರಾಡಿನ ಮೇಲೆ ಎರಡೂ ಕಡೆಗೆ ಸುರುಳಿ ಗೆರೆ ಇರುತ್ತದೆ, ನೋಡಿ. ಯಾಂಕಿ ಹೆಸರಲ್ಲಿ ಮಾಡುತ್ತಿದ್ದವರು ಫಿಲಡೆಲ್ಫಿಯಾದ ನಾರ್ತ್ ಬ್ರದರ್ಸ್. 1946ರಲ್ಲಿ ಸ್ಟ್ಯಾನ್ಲಿ ಕಂಪನಿ ಅದನ್ನು ಕೊಂಡುಕೊಂಡಿತು. ಹಾಗಾಗಿ ಯಾಂಕಿ ಜೊತೆ ಸ್ಟ್ಯಾನ್ಲಿ ಹೆಸರೂ ಇದ್ದರೆ ಅದು 1946ರ ನಂತರದ್ದು. ಇದರಲ್ಲಿ 130ಎ ನಂಬರಿನದ್ದಕ್ಕೆ ಒಳಗೆ ಸ್ಪ್ರಿಂಗ್ ಇದೆ. ಲಾಕ್ ಬಿಚ್ಚಿದ ಕೂಡಲೇ ತುದಿ ಬಾಣದ ಹಾಗೆ ಹೊರಗೆ ಹಾರುತ್ತದೆ. ಮುಖದ ಹತ್ತಿರ ಹಿಡಿದು ನೋಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಎತ್ತಿಡುವಾಗ ಉದ್ದಕ್ಕೆ ಬಿಚ್ಚಿಯೇ ಇಡಿ, ಸ್ಪ್ರಿಂಗಿಗೆ ಒಳ್ಳೆಯದು.

ಹಳದಿ ಹಿಡಿಯ ವಾಸನೆಗೆ ಹೆದರಬೇಡಿ. ಅದು ಸೆಲ್ಯುಲೋಸ್ ಅಸಿಟೇಟ್ ಜಾತಿಯ ಪ್ಲಾಸ್ಟಿಕ್. ಹಳೆಯದಾದಂತೆ ಕೆಲವು ವಿನೆಗರ್ ವಾಸನೆ, ಕೆಲವು ಹಳಸಿದ ಬೆಣ್ಣೆ ವಾಸನೆ ಬಿಡುತ್ತವೆ, ಮೇಲೆ ಬಿಳಿ ಪುಡಿ ಏಳುತ್ತದೆ. ಬೂಷ್ಟು ಅಂತ ತಿಳಿದು ಎಸೆದವರನ್ನು ಕಂಡಿದ್ದೇನೆ. ಸೋಪು ನೀರಲ್ಲಿ ಹಳೇ ಟೂತ್ ಬ್ರಶ್ ಹಾಕಿ ತೊಳೆದು, ಒರೆಸಿ, ಗಾಳಿಗೆ ಇಡಿ. ಮುಚ್ಚಿದ ಡಬ್ಬಿಯಲ್ಲಿ ಹಾಕಿದರೆ ವಾಸನೆ ಹೆಚ್ಚಾಗುತ್ತದೆ, ಪಕ್ಕದ ಕಬ್ಬಿಣವೂ ತುಕ್ಕು ಹಿಡಿಯುತ್ತದೆ.

ಇನ್ನು ತುಕ್ಕು. ಹುಣಸೆಹಣ್ಣು ಕಿವುಚಿದ ನೀರಲ್ಲಿ ಕಬ್ಬಿಣದ ಭಾಗ ಮಾತ್ರ ಮುಳುಗಿಸಿ, ಗಂಟೆಗೊಮ್ಮೆ ತೆಗೆದು ನೋಡಿ. ಮರಕ್ಕೆ ನೀರು ತಾಗಬಾರದು. ಆಮೇಲೆ ಅಡಿಗೆ ಸೋಡಾ ಕದಡಿದ ನೀರಲ್ಲಿ ತೊಳೆದು, ಒಲೆ ಹತ್ತಿರ ಒಣಗಿಸಿ ಎಣ್ಣೆ ಸವರಿ. ನಮ್ಮ ಕೊಡಗಿನ ಅಡಿಗೆಯ ಕಪ್ಪು ಹುಳಿರಸ, ಕಾಚಂಪುಳಿ ಹಾಕಬೇಡಿ. ಅದರ ಹುಳಿ ತೀರಾ ಗಾಢ, ಅಕ್ಷರವನ್ನೂ ತಿನ್ನುತ್ತದೆ. ಮರದ ಹಿಡಿಗೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿದರೆ ಸಾಕು. ವಾರ್ನಿಶ್ ಬೇಡ. ನಮ್ಮ ಜೂನ್, ಜುಲೈ ಮಳೆಯಲ್ಲಿ ಗೋಡೆಯೇ ಬೆವರುತ್ತದೆ. ಆ ಎರಡು ತಿಂಗಳು ನಾನು ಎಲ್ಲವನ್ನೂ ಅಡಿಗೆಮನೆಯ ಅಟ್ಟಕ್ಕೆ ಸಾಗಿಸುತ್ತೇನೆ. ಹದಿನೈದು ದಿನಕ್ಕೊಮ್ಮೆ ಎಣ್ಣೆ ಬಟ್ಟೆ ಆಡಿಸಲೇಬೇಕು.

ಉತ್ತರ: ವಿರಾಜಪೇಟೆಯಿಂದ

ಮಡಿಕೇರಿಯವರು ಹೇಳಿದ್ದು ಸರಿ. ನಾನು ಒಂದೇ ವಿಷಯ ಸೇರಿಸುತ್ತೇನೆ. ತುದಿ ನೋಡಿ.

ಮಾಮೂಲಿ ಮೈನಸ್ ಸ್ಕ್ರೂಡ್ರೈವರಿನ ತುದಿ ಆಪಿನ ಹಾಗೆ ಇಳಿಜಾರು. ಕೋವಿ ಕೆಲಸದ್ದು ಹಾಗಲ್ಲ. ತುದಿಯ ಎರಡು ಮುಖವೂ ಸಮಾನಾಂತರ, ಬ್ಲೇಡ್ ಥರ ತೆಳು. ಹಳೇ ಕೋವಿಗಳ ಸ್ಕ್ರೂ ತಲೆಯ ಸೀಳು ಕೂದಲೆಳೆಯಷ್ಟು ಸಣ್ಣ. ಮಾಮೂಲಿ ಸ್ಕ್ರೂಡ್ರೈವರ್ ಹಾಕಿದರೆ ಮೇಲಕ್ಕೆ ಜಾರಿ ಪಕ್ಕದ ಕೆತ್ತನೆಯನ್ನೇ ಗೀರುತ್ತದೆ. ಕೈಲ್‌ಪೊಳ್ದ್‌ಗೆ (ಕೊಡವರ ಆಯುಧ ಪೂಜೆಯ ಹಬ್ಬ) ಮೊದಲು ಕೋವಿ ತೊಳೆದು ಎಣ್ಣೆ ಹಾಕುವಾಗ ನಮ್ಮ ತಂದೆ ಇದಕ್ಕೇ ಅಂತ ಎರಡು ಬೇರೆ ಇಟ್ಟಿದ್ದರು. ಬೇರೆ ಯಾರೂ ಅವನ್ನು ಮುಟ್ಟುವ ಹಾಗಿರಲಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಅಂಥದ್ದಿದ್ದರೆ ದಯವಿಟ್ಟು ಅರ ಹಾಕಿ ತುದಿ 'ಸರಿ' ಮಾಡಬೇಡಿ. ಅದು ಸವೆದದ್ದಲ್ಲ, ಹಾಗೇ ಮಾಡಿದ್ದು.

ಇನ್ನು ರಾಡಿನ ಮೇಲೆ ಕೋಳಿ ಕಾಲಿನ ಹಾಗೆ ಮೂರು ಗೆರೆಯ ಬಾಣ ಕಂಡರೆ ಅದು ಬ್ರಿಟಿಷ್ ಸರ್ಕಾರದ ಸ್ವತ್ತಿನ ಗುರುತು. ಹತ್ತಿರ ಇಸವಿಯೂ ಇರಬಹುದು. ಕೊಡಗಿನಲ್ಲಿ ಮಿಲಿಟರಿಯವರಿಲ್ಲದ ಮನೆ ಎಷ್ಟಿದೆ ಹೇಳಿ, ಇಂಥವು ಇಲ್ಲಿ ಆಗಾಗ ಸಿಗುತ್ತವೆ.

ಉತ್ತರ: ಕುಶಾಲನಗರದಿಂದ

ನಾನು ಬೈಕ್ ಮೆಕ್ಯಾನಿಕ್. ಕಾಲ ತಿಳಿಯಲು ಸುಲಭ ದಾರಿ ಹೇಳುತ್ತೇನೆ. ಸ್ಟಾರ್ ತುದಿ, ಅಂದರೆ ಪ್ಲಸ್ ಆಕಾರದ್ದು, ಇದ್ದರೆ ಅದು 1930ರ ದಶಕಕ್ಕಿಂತ ಹಳೆಯದಲ್ಲ. ಹೆನ್ರಿ ಫಿಲಿಪ್ಸ್ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. ಸ್ಟಾರಿನ ನಾಲ್ಕು ರೆಕ್ಕೆ ಮಧ್ಯೆ ಇನ್ನೂ ನಾಲ್ಕು ಸಣ್ಣ ಏಣು ಇದ್ದರೆ ಅದು ಪೊಜಿಡ್ರಿವ್, 1960ರ ದಶಕದ್ದು ಅಥವಾ ಆಮೇಲಿನದ್ದು. 'ವೆಸ್ಟ್ ಜರ್ಮನಿ' ಅಂತ ಇದ್ದರೆ 1949ರಿಂದ 1990ರ ಒಳಗೆ. ಟಪಾರಿಯಾ ಆದರೆ 1969ಕ್ಕೆ ಮೊದಲಿನದ್ದಲ್ಲ.

ಜಪಾನಿನ ಸ್ಟಾರ್ ಸ್ಕ್ರೂಡ್ರೈವರ್ ಸಿಕ್ಕಿದರೆ ಬಿಡಬೇಡಿ. ಹಳೇ ಜಪಾನಿ ಬೈಕುಗಳ ಸ್ಕ್ರೂ ಬೇರೆ ಅಳತೆ, ಮಾಮೂಲಿ ಸ್ಟಾರ್ ಅದರಲ್ಲಿ ತಳದವರೆಗೆ ಕೂರೋದಿಲ್ಲ. ಸ್ಕ್ರೂ ತಲೆ ಹಾಳಾಗೋದೇ ಅದಕ್ಕೆ.

ಮತ್ತೆ ಸುಂಟಿಕೊಪ್ಪದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಎಣ್ಣೆ ಬಿಟ್ಟು, ಇವತ್ತು ಸೀಮೆಸುಣ್ಣ ಹಾಕಿದೆ. ರಿವೆಟ್ ಹೊಡೆದ ಹಿಡಿಯದ್ದರ ಮೇಲೆ ಆ ಕೋಳಿ ಕಾಲಿನ ಗುರುತು ಬಂತು, ಪಕ್ಕದಲ್ಲಿ 1943. ಆದರೆ ನಮ್ಮ ಮನೆಯಲ್ಲಿ ಯಾರೂ ಮಿಲಿಟರಿಯಲ್ಲಿ ಇರಲಿಲ್ಲ. ಇದು ಹೇಗೆ ಬಂತು?

ಮಡಿಕೇರಿಯಿಂದ

ಯುದ್ಧ ಮುಗಿದ ಮೇಲೆ ಮಿಲಿಟರಿಯ ಹೆಚ್ಚುವರಿ ಸಾಮಾನು ರಾಶಿ ರಾಶಿ ಮಾರಾಟಕ್ಕೆ ಬಂತು. ಜೀಪು, ಎಂಜಿನ್, ಟೂಲ್ಸ್ ಎಲ್ಲ. ಎಸ್ಟೇಟಿನವರು ಕೊಂಡಿರಬಹುದು. ಅಜ್ಜನ ಜೊತೆ ಕೆಲಸ ಮಾಡಿದ ಹಿರಿಯರು ಯಾರಾದರೂ ಎಸ್ಟೇಟ್ ಕೆಲಸಗಾರರ ಲೈನ್ ಮನೆಗಳ ಕಡೆ ಇದ್ದಾರಾ? ಪೆಟ್ಟಿಗೆ ತೆಗೆದುಕೊಂಡು ಹೋಗಿ ಅವರ ಮುಂದೆ ಬಿಚ್ಚಿ. ಯಾವುದು ಪಲ್ಪರಿಗೆ, ಯಾವುದು ಎಂಜಿನ್ನಿಗೆ ಅಂತ ಅವರಿಗೆ ಗೊತ್ತಿರುತ್ತದೆ. ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಆಯಾ ಹಿಡಿಗೆ ದಾರದಲ್ಲಿ ಕಟ್ಟಿ. ಮಳೆ ಹಿಡಿಯೋ ಮೊದಲು ಹೋಗಿ ಬನ್ನಿ.